ರೊಟ್ಟಿ ನಾದುವವಳು

ಕುದಿಯುವ ಎಸರನ್ನು ಜೋಳದ ಹಿಟ್ಟಿನ ನಡುವಿನ ಗುಣಿಗೆ ಹೊಯ್ದ ಕೂಡಲೇ ಒಂದು ವಾಸನೆ ಏಳುತ್ತದೆ. ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಇದ್ದರೆ ನನಗೆ ಗೊತ್ತಿಲ್ಲ. ಮಕ್ಕಳಿಗೆ ಕನ್ನಡ ಕಲಿಸಿಯೇ ಹೊಟ್ಟೆ ಹೊರೆದವಳು ಹೀಗೆ ಹೇಳಬಾರದು, ನಾಚಿಕೆಯಾಗುತ್ತದೆ. ಈಗ ನಾನಿರುವ ಬೀದಿಯಲ್ಲಿ ಆ ವಾಸನೆಯೇ ಅಪರೂಪ. ರೊಟ್ಟಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ, ಹಪ್ಪಳದ ಹಾಗೆ ಮುರಿಯುತ್ತದೆ, ತಿಂದವರೂ ಚೆನ್ನಾಗಿದೆ ಅನ್ನುತ್ತಾರೆ. ಮೊನ್ನೆ ಪಕ್ಕದ ಮನೆಗೆ ಊರ ಕಡೆಯಿಂದ ಬಂದ ಮುದುಕಿಯೊಬ್ಬಳು ಒಲೆ ಮುಂದೆ ಕೂತಿರಬೇಕು, ಕಿಟಕಿಯಿಂದ ವಾಸನೆ ನನ್ನ ಕೋಣೆಗೆ ಬಂತು. ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟೆ. ಜಗಳೂರಿನ ನಮ್ಮ ಮಾಳಿಗೆ ಮನೆ ಬಂತು, ಅಡುಗೆಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು ಬಂತು, ಆ ಬಿಸಿಲಲ್ಲಿ ತೇಲುವ ಹಿಟ್ಟಿನ ಧೂಳು, ಅದರ ನಡುವೆ ಹಾಲಮ್ಮತ್ತೆಯ ಎರಡು ಕೈ. ಅವಳ ಮುಖ ನೆನಪಾಗಲು ನನಗೆ ಯಾವಾಗಲೂ ತುಸು ಹೊತ್ತು ಹಿಡಿಯುತ್ತದೆ. ಮೊದಲು ಬರುವುದು ಕೈಗಳು.

ಹಾಲಮ್ಮತ್ತೆ ನನ್ನಪ್ಪನ ತಂಗಿ. ಹೊನ್ನಾಳಿಗೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಗಂಡ ಪ್ಲೇಗಿನಲ್ಲಿ ಹೋದ. ಅತ್ತೆ ಒಂದು ಟ್ರಂಕು ಹಿಡಿದುಕೊಂಡು ತವರಿಗೆ ವಾಪಸು ಬಂದಳು. ನಾನಾಗ ಇನ್ನೂ ತೊಟ್ಟಿಲಲ್ಲಿದ್ದೆ. ಮನೆಯ ಯಜಮಾನರು ದೊಡ್ಡಪ್ಪ, ಶೇಂಗಾ ವ್ಯಾಪಾರ. ಅವರ ಸೊಂಟದಲ್ಲಿ ಕಾಳಿನ ಕೋಣೆಯ ಬೀಗದಕೈ ತೂಗುತ್ತಿತ್ತು. ನನ್ನಪ್ಪ ಹೊಲ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಕಿರಿಯವನು ಚಿಕ್ಕಪ್ಪ, ಮೈಸೂರಿನಲ್ಲಿ ಓದಿ ಬಂದು ಊರಿನ ಮಿಡ್ಲ್‌ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಇವರೆಲ್ಲರ ಮೇಲೆ ಅಜ್ಜಿ. ಅವಳ ಮಾತಿಗೆ ದೊಡ್ಡಪ್ಪನೂ ಎದುರಾಡುತ್ತಿರಲಿಲ್ಲ. ಹೆಂಗಸರು ಕೆಲಸ ಹಂಚಿಕೊಂಡಿದ್ದರು. ಹಾಲು ಮೊಸರು, ದೇವರ ಮನೆ ದೊಡ್ಡಮ್ಮನದು. ಸಾರು ಪಲ್ಯ ನನ್ನವ್ವನದು. ರೊಟ್ಟಿ ಹಾಲಮ್ಮತ್ತೆಯದು. ಅವಳು ಬರುವ ಮುಂಚೆ ಈ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಿದ್ದರೆಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಅವಳ ರೊಟ್ಟಿ ಅಂಥದ್ದು. ಕಲ್ಲಿನ ಮೇಲೆ ಅದು ತನ್ನಷ್ಟಕ್ಕೆ ತಾನೇ ತಿರುಗುತ್ತಾ ಅಗಲವಾಗುತ್ತಿತ್ತು, ಅಂಚು ಒಂದು ಕಡೆಯೂ ಸೀಳುತ್ತಿರಲಿಲ್ಲ. ಹಂಚಿನ ಮೇಲೆ ಒದ್ದೆ ಬಟ್ಟೆ ಆಡಿಸಿ, ಕೆಂಡಕ್ಕೆ ಒರಗಿಸಿದರೆ ಉಬ್ಬಿ ನಿಲ್ಲುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಮಾತ್ರ ಅವಳದು, ಬಾಯಿ ಉಳಿದವರೆಲ್ಲರದು. ಗಂಡಸರು ಉಂಡು, ಮಕ್ಕಳು ಉಂಡು, ಆಳುಗಳು ಉಂಡು, ಅತ್ತಿಗೆಯರು ಉಂಡು ಎದ್ದ ಮೇಲೆ ಅವಳು ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ಕೂತು ತಣ್ಣಗಾದದ್ದನ್ನು ತಿನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಇದ್ದರೆ, ಅವಳು ಉಣ್ಣುವುದನ್ನು ನೀವೂ ನೋಡಿರಲಾರಿರಿ.

ಚಿಕ್ಕಪ್ಪನಿಗೆ ಮಾತಿನ ಹುಚ್ಚು. ಮೈಸೂರಿನಿಂದ ಬರುವಾಗ ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ಇಂಗ್ಲಿಷ್ ನಿಘಂಟೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಅಷ್ಟು ದಪ್ಪದ ಪುಸ್ತಕ ಜಗಳೂರಿಗೆ ಅದೇ ಮೊದಲಿರಬೇಕು. ಅಜ್ಜಿ ಅದಕ್ಕೂ ವಿಭೂತಿ ಹಚ್ಚಿದ್ದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕಂಬಕ್ಕೊರಗಿ ಒಂದೊಂದು ಶಬ್ದದ ಹುಟ್ಟು ಬೆಳವಣಿಗೆಯನ್ನು ಓದಿ ಹೇಳುತ್ತಿದ್ದ. ಒಬ್ಬೊಬ್ಬರಾಗಿ ನಿದ್ದೆ ಹೋಗುತ್ತಿದ್ದರು. ಒಂದು ಭಾನುವಾರ ಮಾತ್ರ ಯಾರೂ ಮಲಗಲಿಲ್ಲ. ದೊಡ್ಡಪ್ಪ ದಾವಣಗೆರೆ ಸ್ಟೇಷನ್ನಿನಲ್ಲಿ ಒಂದು ಬೋರ್ಡು ನೋಡಿ ಬಂದಿದ್ದರು, ಅದರ ಕೆಳಗೆ ಹೆಂಗಸರು ಕೂತಿದ್ದರಂತೆ. "ಲೇಡೀಸ್ ಅಂತ ಬರೆದೈತೆ ಅಂದ್ರು. ಹಂಗಂದ್ರೆ ಹೆಂಗಸ್ರು ಅಂತಾನಾ?" ಎಂದು ಕೇಳಿದರು. ಚಿಕ್ಕಪ್ಪನಿಗೆ ಅಷ್ಟೇ ಬೇಕಾಗಿತ್ತು. ಪುಟ ತೆಗೆದ. ದೊಡ್ಡ ಮನೆತನದ ಹೆಂಗಸು ಲೇಡಿ. ಸರ್ ಎಂಬ ಬಿರುದು ಪಡೆದವನ ಹೆಂಡತಿಯೂ ಲೇಡಿ. ಏಸುವಿನ ತಾಯಿಗೂ ಅದೇ ಹೆಸರು. ಚುಕ್ಕಿಯಿರುವ ಕೆಂಪು ಹುಳಕ್ಕೂ ಅದನ್ನೇ ಸೇರಿಸುತ್ತಾರೆ, ಬೆಂಡೆಕಾಯಿಯನ್ನು ಲೇಡಿಯ ಬೆರಳು ಅನ್ನುತ್ತಾರೆ. ಬೆಂಡೆಕಾಯಿಗೆ ಬಂದಾಗ ನನ್ನವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ತಡೀರಿ, ಮೂಲ ಕೇಳ್ರಿ" ಎಂದ ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡ. ಸಾವಿರ ವರ್ಷದ ಹಿಂದೆ ಆ ಶಬ್ದ ಹೀಗಿರಲಿಲ್ಲವಂತೆ. ಎರಡು ತುಂಡುಗಳಿದ್ದವಂತೆ, ಒಂದು ತುಂಡಿಗೆ ರೊಟ್ಟಿ, ಇನ್ನೊಂದಕ್ಕೆ ನಾದುವವಳು. ಎರಡೂ ಸವೆದು ಸವೆದು ಕೂಡಿಕೊಂಡು ಲೇಡಿ ಆಯಿತಂತೆ. ಲಾರ್ಡ್ ಅನ್ನುವುದೂ ಅದರ ಅಣ್ಣನೇ. ರೊಟ್ಟಿಯನ್ನು ಕಾಯುವವನು ಎಂದರ್ಥ.

ಪಡಸಾಲೆಯೆಲ್ಲ ನಕ್ಕಿತು. ದೊಡ್ಡಪ್ಪ ಸೊಂಟದ ಬೀಗದಕೈ ಮುಟ್ಟಿ ನೋಡಿಕೊಂಡು, "ಹಂಗಾರೆ ನಮ್ಮನೇಲಿ ಲೇಡಿ ಅಂದ್ರೆ ಹಾಲಮ್ಮನೇ ಬಿಡಪ್ಪ" ಅಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಂಗೈವರೆಗೂ ಹಿಟ್ಟು. ಅವಳು ನಗುತ್ತಲೇ ಕೇಳಿದಳು: "ಅವ್ರ ಹೆಂಗಸ್ರೂ ರೊಟ್ಟೀನೇ ಬಡೀತಿದ್ರೇನೋ ತಮ್ಮಾ? ಹಂಗಾರೆ ಒಲೆ ಮುಂದಿಂದ ಯಾವಾಗ ಎದ್ದು ಹೋದ್ರು?" ಚಿಕ್ಕಪ್ಪ ಪುಟದ ಮೇಲೆ ಬೆರಳಾಡಿಸಿ ನೋಡಿದ. "ಅದನ್ನ ಇದ್ರಾಗೆ ಬರೆದಿಲ್ಲ ಕಣಕ್ಕಾ" ಅಂದ. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ಅಂದಿನಿಂದ ಅತ್ತೆಗೆ ಮನೆಯಲ್ಲಿ ಲೇಡಿ ಎಂದೇ ಹೆಸರಾಯಿತು. "ಲೇಡಿ, ಇನ್ನೊಂದು ಬಿಸೀದು ಹಾಕು" ಎಂದು ಆಳು ಮಗ ಕೂಡ ಕೂಗುತ್ತಿದ್ದ.

ಆದರೆ ಚಿಕ್ಕಪ್ಪ ಬರೀ ಮಾತಿನ ಮಲ್ಲನಾಗಿರಲಿಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಕ್ಕನ ಪ್ರಶ್ನೆ ಅವನನ್ನು ಬಿಡಲಿಲ್ಲವೆಂದು ಕಾಣುತ್ತದೆ. ಅವಳಿಗೆ ಓದು ಬರೆಯಲು ಬರುತ್ತಿತ್ತು. ಒಲೆಯ ಪಕ್ಕ ಕೂತು ಅವನೇ ಗಣಿತ, ವ್ಯಾಕರಣ ಹೇಳಿಕೊಟ್ಟ. ಅವಳು ರೊಟ್ಟಿ ಬಡಿಯುತ್ತಾ ಇತಿಹಾಸ ಒಪ್ಪಿಸುತ್ತಿದ್ದಳು, ಬಡಿತದ ಲಯಕ್ಕೆ ರಾಜರುಗಳ ಹೆಸರು. ಎರಡು ವರ್ಷ ಹಾಗೆ ಓದಿ ಲೋಯರ್ ಸೆಕೆಂಡರಿ ಪರೀಕ್ಷೆ ಕಟ್ಟಿ ಪಾಸಾದಳು. ಆಗ ನಮ್ಮ ಊರಿನ ಹೆಣ್ಣುಮಕ್ಕಳ ಶಾಲೆಗೆ ಲೇಡಿ ಟೀಚರು ಬೇಕಾಗಿದ್ದರು. ಗಂಡು ಮೇಷ್ಟ್ರಿದ್ದಾರೆಂದು ಎಷ್ಟೋ ಮನೆಯವರು ಮೈನೆರೆಯುವ ಮುಂಚೆಯೇ ಹುಡುಗಿಯರನ್ನು ಬಿಡಿಸಿಬಿಡುತ್ತಿದ್ದರು. ಮೈಸೂರಿನಲ್ಲಿ ಒಂದು ವರ್ಷ ಟ್ರೈನಿಂಗ್ ಮಾಡಿಕೊಂಡು ಬಂದರೆ ಆ ಕೆಲಸ ಅತ್ತೆಯದೇ. ಚಿಕ್ಕಪ್ಪ ಅರ್ಜಿ ಹಾಕಿದ, ಕರೆ ಬಂತು. ಯಾರೂ ಬೇಡ ಅನ್ನಲಿಲ್ಲ. ಇದನ್ನು ನೀವು ನಂಬಬೇಕು. ದೊಡ್ಡಪ್ಪ ಲಿಂಗಪೂಜೆ ಮುಗಿಸಿ ಬಂದು, "ಒಂದು ವರ್ಷ ತಾನೆ? ಹೋಗ್ಬರ್ಲಿ. ನಮ್ಮನೆ ಹೆಣ್ಮಗಳು ಟೀಚರಮ್ಮ ಆದ್ರೆ ನಮಗೇ ಭೂಷಣ" ಎಂದರು. ಅಜ್ಜಿ ಒಂದು ದಿನ ಅತ್ತು ಎರಡನೆಯ ದಿನ ಒಪ್ಪಿದಳು. ಅತ್ತೆ ಟ್ರಂಕಿಗೆ ಸೀರೆ ಜೋಡಿಸಿದಳು, ತೆಗೆದಳು, ಮತ್ತೆ ಜೋಡಿಸಿದಳು. ಅವಳು ಹಾಡು ಗುನುಗಿದ್ದನ್ನು ನಾನು ಕೇಳಿದ್ದು ಆ ವಾರ ಮಾತ್ರ.

ನಮ್ಮಲ್ಲಿ ಒಂದು ಪದ್ಧತಿ. ಹೆಣ್ಣುಮಗಳು ತವರಿನಿಂದ ದೂರಕ್ಕೆ ಹೊರಟರೆ ತವರಿನವರು ಬುತ್ತಿ ಕಟ್ಟಿ ಕೊಡಬೇಕು. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಈರುಳ್ಳಿ, ಎಲ್ಲವನ್ನೂ ಮಡಿಬಟ್ಟೆಯಲ್ಲಿ ಗಂಟು ಹಾಕಿ, ಅವಳು ಹೊಸ್ತಿಲು ದಾಟುವಾಗ ಮಡಿಲಿಗೆ ಕೊಡಬೇಕು. ಹೊರಟವಳು ಅದನ್ನು ತಾನೇ ಮಾಡಿಕೊಳ್ಳುವಂತಿಲ್ಲ. ತನ್ನ ಬುತ್ತಿ ತಾನೇ ಕಟ್ಟಿಕೊಂಡವಳಿಗೆ ತಿರುಗಿ ಬರಲು ತವರಿರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ದೊಡ್ಡಪ್ಪನ ಹೆಣ್ಣುಮಕ್ಕಳು ಬಾಣಂತನ ಮುಗಿಸಿ ಹೋಗುವಾಗ, ನಮ್ಮ ಉಳಿದ ಸೋದರತ್ತೆಯರು ಹಬ್ಬಕ್ಕೆ ಬಂದು ಹೋಗುವಾಗ, ಚಿಕ್ಕಪ್ಪ ಮೈಸೂರಿಗೆ ಓದಲು ಹೊರಟಾಗಲೂ, ಬುತ್ತಿಯ ರೊಟ್ಟಿ ಬಡಿದವಳು ಹಾಲಮ್ಮತ್ತೆ. ನಮ್ಮ ಮನೆಯಿಂದ ಹೊರಟ ಯಾವ ಬುತ್ತಿಯಲ್ಲೂ ಬೇರೆಯವರ ಕೈಯ ರೊಟ್ಟಿ ಇರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮನೆ ಮದುವೆಮನೆಯಾಗಿತ್ತು. ದಾವಣಗೆರೆಗೆ ದಿನಕ್ಕೊಂದೇ ಮೋಟಾರು. ಅಲ್ಲಿಂದ ಮಧ್ಯಾಹ್ನದ ರೈಲು. ಮಾರನೆಯ ದಿನ ಟ್ರೈನಿಂಗ್ ಶಾಲೆಯಲ್ಲಿ ಹಾಜರಿರಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ದೊಡ್ಡಮ್ಮ ಮಜ್ಜಿಗೆ ಕಡೆದು, ದೇವರಿಗೆ ಹೂ ಏರಿಸಿ, ವಿಭೂತಿಯ ಬಟ್ಟಲು ಸಿದ್ಧ ಮಾಡಿದಳು. ನನ್ನವ್ವ ಎಣ್ಣೆಗಾಯಿ ಮಾಡಿ ಚಟ್ನಿ ಅರೆದಳು. ನಾನು ಬುತ್ತಿಯ ಬಟ್ಟೆ ಒಗೆದು ಒಣಗಿಸಿದ್ದೆ. ಅತ್ತೆ ಸ್ನಾನ ಮಾಡಿ ಹೊಸ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟು, ಪಡಸಾಲೆಯಲ್ಲಿ ಟ್ರಂಕಿನ ಪಕ್ಕ ಕೂತಳು. ಪಡಸಾಲೆಯಲ್ಲಿ ಅವಳು ಹಾಗೆ ಕೂತದ್ದನ್ನು ನೋಡಿದ್ದು ಅದೇ ಮೊದಲು. ಯಾರದೋ ಮನೆಯ ನೆಂಟಳಂತೆ ಕಂಡಳು. ಗಂಡಸರು ಬಂದು ಊಟಕ್ಕೆ ಸಾಲಾಗಿ ಕೂತರು. ಅವಳ ಜೊತೆ ಮೈಸೂರಿಗೆ ಹೊರಡಬೇಕಾಗಿದ್ದ ಚಿಕ್ಕಪ್ಪ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದವನು, ತಟ್ಟೆ ಎಳೆದುಕೊಂಡು, ಅಭ್ಯಾಸದಂತೆ ಕೂಗಿದ: "ಲೇಡಿ, ರೊಟ್ಟಿ ಆತೇನಕ್ಕಾ?"

ಆಗ ಗೊತ್ತಾಯಿತು. ಒಲೆಯ ಮೇಲೆ ಹಂಚು ಇಟ್ಟಿರಲಿಲ್ಲ. ಹಿಟ್ಟಿಗೆ ಎಸರು ಹೊಯ್ದಿರಲಿಲ್ಲ. ದೊಡ್ಡಮ್ಮ ನನ್ನವ್ವನ ಮುಖ ನೋಡಿದಳು, ನನ್ನವ್ವ ದೊಡ್ಡಮ್ಮನ ಮುಖ ನೋಡಿದಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬರ ಮೇಲೊಬ್ಬರು ಬಿಟ್ಟದ್ದೂ ಅಲ್ಲ. ರೊಟ್ಟಿ ಎಂಬುದು ಬೆಳಗಾದರೆ ಸೂರ್ಯ ಹುಟ್ಟುವ ಹಾಗೆ ಆ ಮನೆಯಲ್ಲಿ ತಾನಾಗಿ ಆಗುವಂಥದ್ದು ಎಂದು ಎಲ್ಲರೂ ತಿಳಿದಿದ್ದರು, ಅಷ್ಟೇ. ಹೊರಟವಳ ಬುತ್ತಿಗೆ ರೊಟ್ಟಿ ಮಾಡಬೇಕಾದವರು ಹೊರಟವಳಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ, ಜೊತೆಗೆ ಒಂದಿಷ್ಟು ನಗುವೂ ಬರುತ್ತದೆ. ಅಂಥ ಬುದ್ಧಿವಂತರ ಮನೆ ನಮ್ಮದು.

ನನ್ನವ್ವ ಓಡಿಹೋಗಿ ಒಲೆ ಮುಂದೆ ಕೂತಳು. ಎಸರು ಕಾಯುವುದೇ ತಡವಾಯಿತು. ಮೊದಲ ರೊಟ್ಟಿ ಕಲ್ಲಿಗೆ ಅಂಟಿತು, ಎರಡನೆಯದು ಎತ್ತುವಾಗ ಎರಡಾಯಿತು. ಹೊಗೆ, ಕಣ್ಣೀರು, ಹಸಿದ ಮಕ್ಕಳ ಗಲಾಟೆ. ಅತ್ತೆ ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಬುತ್ತಿ ಇರ್ಲಿ ಬಿಡ್ರಿ, ನಾನು ಹಂಗೇ ಹೋಗ್ತೀನಿ" ಅಂದಳು. ಅಜ್ಜಿ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. "ತವರಿನ ಬುತ್ತಿ ಇಲ್ದೆ ಈ ಮನೆಯಿಂದ ಹೆಣ್ಮಗಳು ಹೋಗಾಕಿಲ್ಲ. ಒಂದ್ಸಲ ನಿನ್ನ ಬಾಳು ಹಾಳಾಗಿದ್ದು ಸಾಲ್ದೇನು?" ನನ್ನವ್ವನ ಮೂರನೆಯ ರೊಟ್ಟಿಯೂ ಸೀಳಿತು. ಅತ್ತೆ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಏಳ್ರಿ ಅತ್ತಿಗೆ. ಇವ್ರಾದ್ರೂ ಉಣ್ಲಿ" ಎಂದು ಕೂತಳು. ಸದ್ದು ಶುರುವಾಯಿತು, ದಿನದ ಅದೇ ಸದ್ದು. ಮನೆಯ ಎದೆಬಡಿತ ಹದಕ್ಕೆ ಬಂದಂತೆ ಎಲ್ಲರೂ ಉಸಿರು ಬಿಟ್ಟರು. ಕೆರೆಯ ಏರಿಯ ಕಡೆಯಿಂದ ಮೋಟಾರಿನ ಹಾರನ್ನು ಕೇಳಿಸಿತು. ಚಿಕ್ಕಪ್ಪ ಬರಿಗಾಲಲ್ಲಿ ಓಡಿದ. ಅತ್ತೆ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು ಮುಗಿಸಿದಳು.

ಮೋಟಾರು ನಿಲ್ಲಿಸಲಾಗದೆ ಚಿಕ್ಕಪ್ಪ ಧೂಳು ಮೆತ್ತಿಕೊಂಡು ವಾಪಸು ಬಂದ. ಟ್ರೈನಿಂಗ್ ಶಾಲೆಗೆ ತಂತಿ ಕೊಟ್ಟ, ಪ್ರಯೋಜನವಾಗಲಿಲ್ಲ. ಮುಂದಿನ ವರ್ಷ ಅಂದರು. ಮುಂದಿನ ವರ್ಷ ಯುದ್ಧ ಶುರುವಾಯಿತು, ದೂರದ ಊರು ಈಗ ಬೇಡ ಅಂದರು. ಅದರ ಮುಂದಿನ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಆಮೇಲೆ ವಯಸ್ಸು ಮೀರಿತು. ಕೊನೆಗೆ ಚನ್ನಗಿರಿ ಕಡೆಯಿಂದ ಶಾರದಾಬಾಯಿ ಎಂಬ ಲೇಡಿ ಟೀಚರು ಬಂದರು. ಒಂಟಿ ಹೆಂಗಸಿಗೆ ಊರಲ್ಲಿ ಬೇರೆ ಯಾರು ಮನೆ ಕೊಡುತ್ತಾರೆ, ನಮ್ಮ ಹೊರಗಿನ ಕೋಣೆಯಲ್ಲೇ ಇಳಿದುಕೊಂಡರು. ಊಟವೂ ನಮ್ಮಲ್ಲೇ. ಹಾಲಮ್ಮತ್ತೆ ದಿನಾ ಅವರ ತಟ್ಟೆಗೆ ಉಬ್ಬಿದ ಬಿಸಿ ರೊಟ್ಟಿ ಹಾಕಿ, "ತಗೊಳ್ರಿ ಟೀಚರಮ್ಮಾರೇ, ಶಾಲೆಗೆ ಹೊತ್ತಾತು" ಅನ್ನುತ್ತಿದ್ದಳು. ಅದರಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ದುಃಖವಾಗುತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ಅವಳನ್ನು ಮತ್ತೆಂದೂ ಲೇಡಿ ಎಂದು ಕರೆಯಲಿಲ್ಲ. ಭಾನುವಾರದ ಓದೂ ನಿಂತುಹೋಯಿತು.

ಶಾರದಾಬಾಯಿಯವರ ಕೈಕೆಳಗೆ ಓದಿ ನಾನು ಟೀಚರಾದೆ. ಟ್ರೈನಿಂಗಿಗೆ ಹೊರಟ ದಿನ ಬೆಳಕು ಹರಿಯುವ ಮುಂಚೆ ಎದ್ದು ಅತ್ತೆ ನನಗೆ ಬುತ್ತಿ ಕಟ್ಟಿದ್ದಳು, ಎರಡು ಜನ ಎರಡು ದಿನ ತಿನ್ನುವಷ್ಟು. ಮೊದಲ ಕೆಲಸ ನ್ಯಾಮತಿಯ ಹೆಣ್ಣುಮಕ್ಕಳ ಶಾಲೆಯಲ್ಲಾಯಿತು. ಅಂಗಡಿ ಬೀದಿಯ ಹಿಂದೆ ಒಂದು ಸಣ್ಣ ಮನೆ ಹಿಡಿದೆ. ಅಷ್ಟರಲ್ಲಿ ಒಲೆಯ ಹೊಗೆ ಅತ್ತೆಯ ಎದೆಯಲ್ಲಿ ಕೂತಿತ್ತು, ಕೆಮ್ಮು ಬಿಡುತ್ತಿರಲಿಲ್ಲ. ಹವಾ ಬದಲಾಗಲೆಂದು ಚಿಕ್ಕಪ್ಪ ಅವಳನ್ನು ನನ್ನಲ್ಲಿಗೆ ತಂದು ಬಿಟ್ಟು ಹೋದ. "ಇಲ್ಲಿ ನೀನು ಒಲೆ ಮುಂದೆ ಕೂರಾಕಿಲ್ಲ, ನೋಡು" ಎಂದು ನಾನು ಮೊದಲ ದಿನವೇ ಹೇಳಿದೆ. ಅವಳು ಗೋಡೆಗೊರಗಿ ಕೂತಳು, ನಾನು ರೊಟ್ಟಿ ಬಡಿದೆ. ಅವು ಅಂಚೆಲ್ಲ ಸೀಳಿ ಯಾವುದೋ ದೇಶದ ನಕ್ಷೆಯಂತಿರುತ್ತಿದ್ದವು. ನಾನು ಬಡಿಯುವಾಗ ಅವಳ ಅಂಗೈ ಮಂಡಿಯ ಮೇಲೆ ತಾನಾಗಿ ಆಡುತ್ತಿತ್ತು. ಹಂಚಿನಿಂದ ನೇರ ಅವಳ ತಟ್ಟೆಗೆ ಹಾಕಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. "ಬಿಸೀದು ಹಿಂಗಿರ್ತೈತೇನು?" ಎಂದಳು. ತಮಾಷೆಗೆ ಅಂದಳೆಂದು ನಾನು ನಕ್ಕೆ. ಅವಳು ನಗುತ್ತಿರಲಿಲ್ಲ.

ತಿಂಗಳೊಪ್ಪತ್ತು ಇದ್ದಳು. ಸಂಜೆ ಶಾಲೆಯ ಜಗಲಿಯಲ್ಲಿ ಕೂತು ಹುಡುಗಿಯರ ಮಗ್ಗಿ ಕೇಳುತ್ತಿದ್ದಳು. ಮತ್ತೆ ಜಗಳೂರಿಗೆ ಕರೆದೊಯ್ಯಲು ಚಿಕ್ಕಪ್ಪ ಬಂದ. "ಅಲ್ಲಿ ಎಲ್ಲಾರಿಗೂ ತೊಂದ್ರೆಯಾಗೈತೆ" ಅಂದ. ನನಗೆ ಸಿಟ್ಟು ಬಂತು, ಆದರೆ ಅವಳೇ ಹೊರಟು ನಿಂತಳು. ನಾನು ಎದ್ದು ಒಲೆ ಹಚ್ಚಿದೆ. ರೊಟ್ಟಿ ಬಡಿದೆ, ಚಟ್ನಿ ಅರೆದೆ, ಬಟ್ಟೆಯಲ್ಲಿ ಗಂಟು ಹಾಕಿ ಹೊಸ್ತಿಲಲ್ಲಿ ಅವಳ ಮಡಿಲಿಗೆ ಇಟ್ಟೆ. ಅವಳು ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಮೋಟಾರು ಹೊನ್ನಾಳಿ ದಾರಿ ಹಿಡಿಯಿತು. ಅವಳನ್ನು ನಾನು ನೋಡಿದ್ದು ಅದೇ ಕೊನೆ.

ಮುಂದಿನ ಬೇಸಿಗೆಗೆ ಅವಳು ಹೋದಳು. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ವರ್ಷ ತುಂಬುವುದರೊಳಗೆ ಅಣ್ಣತಮ್ಮಂದಿರು ಪಾಲಾದರು, ಅಡುಗೆಮನೆಯ ನಡುವೆ ಗೋಡೆ ಬಂತು, ಬೆಳಕಿಂಡಿ ಯಾರ ಪಾಲಿಗೂ ಬಾರದೆ ಮುಚ್ಚಿಹೋಯಿತು. ಈಗ ಅಲ್ಲಿ ಮನೆಯೇ ಇಲ್ಲ. ಆದರೆ ಆವತ್ತು, ಮಣ್ಣಾದ ಮಾರನೆಯ ದಿನ, ಚಿಕ್ಕಪ್ಪ ನನ್ನನ್ನು ಪಡಸಾಲೆಯ ಕಂಬದ ಹತ್ತಿರ ಕೂರಿಸಿಕೊಂಡ. ತಲೆ ನರೆತಿತ್ತು. "ಲೇಡಿ ಅನ್ನೋದ್ರ ಮೂಲ ಹೇಳಿದ್ನಲ್ಲ, ನಿನಗೆ ನೆನಪೈತೇನು?" ಎಂದು ಕೇಳಿದ. "ಆವತ್ತು ಆ ಪುಸ್ತಕದಾಗೆ ಇನ್ನೊಂದು ಮಾತಿತ್ತು ಕಣವ್ವ, ನಾನು ಓದಿ ಹೇಳಲಿಲ್ಲ. ರೊಟ್ಟಿ ನಾದೋಳು ಲೇಡಿ, ರೊಟ್ಟಿ ಕಾಯೋನು ಲಾರ್ಡು. ಮನೇಲಿ ಉಳಿದೋರಿಗೆಲ್ಲ ಒಂದೇ ಹೆಸರು, ರೊಟ್ಟಿ ತಿನ್ನೋರು. ಅದು ಸಾಮ್ರಾಜ್ಯ ಕಟ್ಟಿದೋರ ಭಾಷೇಲೂ ಉಳೀಲಿಲ್ಲ, ಸತ್ತೋತು. ನಮ್ಮಂಥೋರ ಹೆಸರು ಯಾಕೆ ಉಳೀಬೇಕು?"

ಆಮೇಲೆ ನ್ಯಾಮತಿಯಿಂದ ಅವಳು ವಾಪಸಾದ ದಿನದ್ದನ್ನು ಹೇಳಿದ. ಹೊನ್ನಾಳಿಯಲ್ಲಿ ಮೋಟಾರು ಬದಲಿಸುವಾಗ ಅವನಿಗೆ ಹಸಿವಾಗಿ, ಬುತ್ತಿ ಬಿಚ್ಚಕ್ಕಾ ಅಂದನಂತೆ. ಅವಳು ಇಲ್ಲ ಅಂದಳಂತೆ. ದಾವಣಗೆರೆಯಲ್ಲಿ ಅವನು ಹೋಟೆಲಿಗೆ ಹೋಗಿ ಬಂದ. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದಳು, ನೀರು ಮಾತ್ರ ಕುಡಿದಳು. ಜಗಳೂರಿಗೆ ಬರುವಾಗ ಹೊತ್ತಿಳಿದಿತ್ತು. ಅವಳು ಬಂದಳೆಂದು ಮನೆಯವರೆಲ್ಲ ಪಡಸಾಲೆಗೆ ಬಂದರು. ದೊಡ್ಡಪ್ಪ ಕೈಕಾಲು ತೊಳೆದು ಊಟಕ್ಕೆ ಕೂತರು, ಮಕ್ಕಳು ತಟ್ಟೆ ಇಟ್ಟುಕೊಂಡರು. ಹಾಲಮ್ಮತ್ತೆ ಒಳಗೆ ಹೋಗಲಿಲ್ಲ. ಪಡಸಾಲೆಯ ನಡುವೆ, ದೊಡ್ಡಪ್ಪನ ಎದುರಿಗೇ, ಕಾಲು ಮಡಚಿ ಕೂತು ಗಂಟು ಬಿಚ್ಚಿದಳು. "ಇದು ನನಗೆ ಕಟ್ಟಿದ ಬುತ್ತಿ" ಎಂದಳಂತೆ, ಅಷ್ಟೇ. ತಣ್ಣಗಾಗಿ ಸೆಟೆದ, ಅಂಚು ಸೀಳಿದ ರೊಟ್ಟಿ. ಮುರಿದು ಚಟ್ನಿ ಸವರಿಕೊಂಡು, ಒಂದು ತುಣುಕೂ ಬಿಡದೆ, ಅವಸರವಿಲ್ಲದೆ ತಿಂದಳು. ಹಸಿದವರೆಲ್ಲ ಸುತ್ತ ಕೂತು ನೋಡಿದರು. ಯಾರೂ ಏಳಲಿಲ್ಲ; ದೊಡ್ಡಪ್ಪ ತಲೆ ತಗ್ಗಿಸಿಕೊಂಡಿದ್ದರು. ತಿಂದು ಮುಗಿಸಿ, ಬಟ್ಟೆ ಜಾಡಿಸಿ ಮಡಚಿಟ್ಟು, ಸೆರಗು ಸಿಕ್ಕಿಸಿಕೊಂಡು, ಅವರಿಗೆ ರೊಟ್ಟಿ ಬಡಿಯಲು ಅವಳು ಒಳಗೆ ಹೋದಳಂತೆ.